ಹುತ್ತರಿ ಗೆಣಸಿನ ಮೊದಲ ತುಂಡು

"ಅತ್ತೆ, ಇದ್ ನಮ್ಮ ಬಳ್ಳಿ ಅಲ್ಲ," ಎಂದು ಯಮುನ ಹಾರೆ ಕೆಳಗಿಟ್ಟಳು.

ಗಂಗಮ್ಮನಿಗೆ ಸಿಟ್ಟು ಬಂತು. ಆಟಿ ತಿಂಗಳ ಮಳೆಯಲ್ಲಿ, ಎಲೆ ಹಸುರಾಗಿರುವಾಗಲೇ ಕಾಡಿಗೆ ಬಂದು ಗೆಣಸಿನ ಬಳ್ಳಿಗೆ ಬಟ್ಟೆಯ ಚೂರು ಕಟ್ಟಿ ಹೋದವಳು ಅವಳೇ. ಸುಗ್ಗಿಯ ಹಬ್ಬ ಹುತ್ತರಿಯ ಹೊತ್ತಿಗೆ ಎಲೆಯೆಲ್ಲ ಉದುರಿರುತ್ತದೆ. ಒಂಟಿ ಎಲೆಯ ಒಳ್ಳೆಯ ಬಳ್ಳಿ ಯಾವುದು, ಮೂರೆಲೆಯ ವಿಷದ್ದು ಯಾವುದು ಎಂದು ತಿಳಿಯಲು ಆ ಚೂರೇ ಗತಿ. ಇಷ್ಟು ವರ್ಷ ಅವಳ ಕಟ್ಟು ತಪ್ಪಿದ್ದೇ ಇಲ್ಲ.

"ನಾ ಕಟ್ಟಿದ ಬಟ್ಟೆ ಅಲ್ಲಿ ಉಟ್ಟಲ್ಲ? ಕಣ್ಣ್ ಇಲ್ಲೆನಾ ನಿಂಗೆ?" ಎಂದು ಬಳ್ಳಿಯಲ್ಲಿದ್ದ ಚೂರನ್ನು ತೋರಿಸಿದಳು.

ಕೊಡಗು ಮೈಸೂರಿಗೆ ಸೇರಿದ ಮೇಲಿನ ಎರಡನೇ ಹುತ್ತರಿ ಅದು. ಯಮುನಳಿಗೆ ಈ ಮನೆಯಲ್ಲಿ ಮೊದಲನೆಯದು. ಬಾಯಿಬಿಟ್ಟರೆ ಅಧಿಕಪ್ರಸಂಗಿ ಸೊಸೆ ಎಂಬ ಹೆಸರು ಬರುತ್ತದೆ. ಸುಮ್ಮನಿದ್ದರೆ ಇಡೀ ಮನೆ ವಾಂತಿ ಮಾಡಿಕೊಂಡು ಮಲಗುತ್ತದೆ. ಹೆಸರು ಹೋದರೆ ಹೋಗಲಿ ಎಂದುಕೊಂಡಳು.

"ಬಟ್ಟೆ ಉಟ್ಟು ಅತ್ತೆ. ಆದ್ರೆ ಇದ್ ಎಡಕ್ಕೆ ಸುತ್ತಿ ಉಟ್ಟು. ನಮ್ಮದ್ ಬಲಕ್ಕಲ್ಲ ಸುತ್ತುದು? ಕೈಲಿ ಮುಟ್ಟಿ ನೋಡಿ."

ಗಂಗಮ್ಮ ಮುಖ ಊದಿಸಿಕೊಂಡೇ ಒಣಬಳ್ಳಿಯ ಮೇಲೆ ಬೆರಳಾಡಿಸಿದಳು. ಒಳ್ಳೆಯ ಬಳ್ಳಿಗಿಲ್ಲದ ಮುಳ್ಳು ಚುಚ್ಚಿತು. ಬೆರಳನ್ನು ಬಾಯಲ್ಲಿಟ್ಟುಕೊಂಡಳು.

"ಕಣ್ಣಿಗೆ ಮಂಜು ಬಂದುಟ್ಟು ಮಗಳೇ," ಎಂದಳು ಕೊನೆಗೆ. "ಇದುವರೆಗೆ ನಾ ಯಾರಿಗೂ ಹೇಳಿತ್ಲೆ."

ಅದೇ ಮರಕ್ಕೆ ಬಲಕ್ಕೆ ಸುತ್ತಿಕೊಂಡು ಇನ್ನೊಂದು ಬಳ್ಳಿ ಹತ್ತಿತ್ತು. ಅದರ ಬುಡ ಅಗೆದಾಗ ತೋಳುದ್ದದ ಗೆಣಸು ಸಿಕ್ಕಿತು. ಗಂಗಮ್ಮ ಬಟ್ಟೆಯ ಚೂರು ಬಿಚ್ಚಿ ಸೊಸೆಯ ಕೈಗಿಟ್ಟಳು.

ಸಂಜೆ ಬೇಯಿಸಿದ ಗೆಣಸಿನ ತಟ್ಟೆ ನಡುಮನೆಗೆ ಬಂತು. ಬಳ್ಳಿ ಗುರುತಿಸಿದವರೇ ಮೊದಲು ತಿನ್ನಬೇಕು, ಅವರು ನುಂಗಿ ನೀರು ಕುಡಿಯುವವರೆಗೆ ಉಳಿದವರು ಮುಟ್ಟಬಾರದು ಎಂಬುದು ಆ ಮನೆಯ ಪದ್ಧತಿ. ಮಾವ ದೇರಪ್ಪ ವಾಡಿಕೆಯಂತೆ ತಟ್ಟೆಯನ್ನು ಹೆಂಡತಿಯ ಮುಂದೆ ತಳ್ಳಿದ.

"ಬೇಗ ತಿನ್ನ್ ಮಾರಾಯ್ತಿ, ಬಾಯಿಲಿ ನೀರ್ ಬಂದುಟ್ಟು."

ಗಂಗಮ್ಮ ತಟ್ಟೆಯನ್ನು ಸೊಸೆಯತ್ತ ಸರಿಸಿದಳು. "ಇನ್ನ್ ಮೇಲೆ ಬಟ್ಟೆ ಕಟ್ಟುದು ಯಮುನ."

ಎಲ್ಲರೂ ಯಮುನಳ ಬಾಯಿಯನ್ನೇ ನೋಡುತ್ತಾ ಕುಳಿತರು. ಅವಳಿಗೆ ನಾಚಿಕೆಯೂ ಆಯಿತು, ಹೇಳಲಾರದಷ್ಟು ಖುಷಿಯೂ ಆಯಿತು. ತುಂಡೊಂದನ್ನು ಬೆಲ್ಲದ ಪಾಕಕ್ಕೆ ಅದ್ದಿ ಬಾಯಿಗಿಟ್ಟಳು.

ಅವಳಿನ್ನೂ ನುಂಗಿರಲಿಲ್ಲ. ಅಷ್ಟರಲ್ಲೇ ಗಂಗಮ್ಮ ಕೈಚಾಚಿ, ತಟ್ಟೆಯಲ್ಲಿ ತಡಕಾಡಿ ದೊಡ್ಡದೊಂದು ತುಂಡು ಎತ್ತಿಕೊಂಡು ಅಗಿಯತೊಡಗಿದಳು.