ಇಟ್ಟಂಗಿ ಪುಡಿಯಲ್ಲಿ ತಿಕ್ಕಿದ ರೂಪಾಯಿ

ರಾಯಚೂರಿನ ತೀನ್ ಕಂದಿಲ್ ವೃತ್ತದ ಬಳಿಯ ತಮ್ಮ ನಾಣ್ಯದಂಗಡಿಯ ಬಾಗಿಲನ್ನು ಸತ್ತಾರ್ ಸಾಬ್ ಆ ಬೆಳಿಗ್ಗೆ ಅರ್ಧ ಮಾತ್ರ ತೆರೆದರು. ಪೂರ್ತಿ ತೆರೆದರೆ ಜನ ಒಳಗೆ ಬರುತ್ತಿದ್ದರು. ಬಂದವರೆಲ್ಲ ಬೆಳ್ಳಿ ಇನ್ನೂ ಎಷ್ಟು ಬೀಳುತ್ತದೆಂದು ಕೇಳುತ್ತಿದ್ದರು. ಹತ್ತೇ ದಿನಗಳಲ್ಲಿ ಬೆಲೆಯ ಮೂರರಲ್ಲೊಂದು ಪಾಲು ಕರಗಿಹೋಗಿತ್ತು. ಗಾಜಿನ ಕಪಾಟಿನಲ್ಲಿ ನಿಜಾಮರ ಕಾಲದ ರೂಪಾಯಿಗಳು ಸಾಲಾಗಿ ಮಲಗಿದ್ದವು. ಹೋದ ತಿಂಗಳು ಚೌಕಾಸಿ ಮಾಡದೆ ಒಯ್ಯುತ್ತಿದ್ದ ಸಂಗ್ರಹಕಾರರು ಈಗ ಸಾಬರ ಫೋನನ್ನೇ ಎತ್ತುತ್ತಿರಲಿಲ್ಲ.

ಆದರೆ ಸಾಬರ ನಿದ್ದೆಗೆಡಿಸಿದ್ದು ಕಪಾಟಿನ ನಾಣ್ಯಗಳಲ್ಲ, ದೇವದುರ್ಗದ ಬಸವಂತಮ್ಮನ ನಲವತ್ತು ಹಳೆಯ ಬೆಳ್ಳಿ ರೂಪಾಯಿಗಳು.

ಬಸವಂತಮ್ಮ ಹತ್ತಿ ಮಿಲ್ಲಿನ ಕೂಲಿಯವಳು. ಅವಳ ಎರಡು ಅಂಕಣದ ಮನೆ ನಿಂತಿದ್ದ ಜಾಗ ಬೇರೆಯವರದು. ಮಾಲೀಕ ಅದನ್ನು ಅವಳಿಗೇ ಮಾರಲು ಒಪ್ಪಿದ್ದ. ಬೆಳ್ಳಿ ಮುಗಿಲು ಮುಟ್ಟಿದ್ದ ದಿನ ಅವಳು ಅತ್ತೆಯ ಕಾಲದ ನಾಣ್ಯಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಅಂಗಡಿಗೆ ಬಂದಿದ್ದಳು. ಅಂದಿನ ದರದಲ್ಲಿ ಬರಿಯ ತೂಕಕ್ಕೆ ಮಾರಿದ್ದರೂ ಜಾಗ ಅವಳದಾಗುತ್ತಿತ್ತು.

ಸಾಬರು ಒಂದೊಂದನ್ನೇ ತಿರುವಿ ನೋಡುತ್ತಿದ್ದಾಗ ಒಂದು ನಾಣ್ಯ ಅವರ ಬೆರಳನ್ನು ತಡೆದು ನಿಲ್ಲಿಸಿತು. ನೂರು ವರ್ಷದ ಕಪ್ಪು ಅದರ ಮೈಮೇಲೆ ಮಳೆಮೋಡದಂತೆ ಕುಳಿತಿತ್ತು. ಅಕ್ಷರ ಒಂದೂ ಸವೆದಿರಲಿಲ್ಲ. ಆ ಇಸವಿಯದನ್ನು ಮೂವತ್ತು ವರ್ಷಗಳಲ್ಲಿ ಅವರು ಎರಡೇ ಸಲ ಕಂಡಿದ್ದರು. ಕೊಳ್ಳಲು ಆ ದಿನ ಕೈಯಲ್ಲಿ ಹಣವಿರಲಿಲ್ಲ. ಅದೊಂದನ್ನೇ ಇಟ್ಟುಕೊಂಡರೆ ಅವಳಿಗೆ ಅನುಮಾನ ಬರುತ್ತಿತ್ತು. ಬೆಲೆ ತಿಳಿದರೆ ಬೇರೆ ಅಂಗಡಿ ಹತ್ತುತ್ತಿದ್ದಳು. ಅದನ್ನು ಉಳಿದವುಗಳ ನಡುವೆಯೇ ಬಿಟ್ಟು ಅವರು ಹೇಳಿದ್ದರು:

"ಅವಸರ ಮಾಡಬ್ಯಾಡ ಯವ್ವಾ. ಬೆಳ್ಳಿ ಇನ್ನೂ ಏರತದ. ಒಂದು ತಿಂಗಳು ಮನಿಯಾಗ ಇಡು. ಒಳ್ಳೆ ಗಿರಾಕಿ ನಾನಽ ತರ್ತೀನಿ."

ಬೆಳ್ಳಿ ಏರಲಿಲ್ಲ. ಗಿರಾಕಿ ಮಾತ್ರ ಸಿಕ್ಕಿದ್ದರು, ಹಳೆಯ ನಾಣ್ಯ ಕೂಡಿಡುವ ಮಾನ್ವಿಯ ಅಕ್ಕಿ ಗಿರಣಿಯ ವಿರೂಪಣ್ಣ. ಅವರು ಆ ಒಂದು ನಾಣ್ಯಕ್ಕೆ ಒಪ್ಪಿದ ಬೆಲೆಗೆ ಉಳಿದ ಮೂವತ್ತೊಂಬತ್ತರ ತೂಕದ ಬೆಲೆಯನ್ನು ಕೂಡಿಸಿದರೆ ಜಾಗಕ್ಕೆ ಸರಿಹೋಗಿ, ಸಾಬರಿಗೂ ತುಸು ಉಳಿಯುತ್ತಿತ್ತು. ಆದರೆ ಜಾಗದ ಮಾಲೀಕ ಇವತ್ತು ಸಂಜೆ ನಾಲ್ಕಕ್ಕೆ ನೋಂದಣಿ ಕಚೇರಿಗೆ ಹೋಗುವವನಿದ್ದ, ಬಸವಂತಮ್ಮನೊಂದಿಗೆ ಇಲ್ಲವೇ ಕಾದು ಕುಳಿತಿದ್ದ ಇನ್ನೊಬ್ಬನೊಂದಿಗೆ. ಫೋನಿನಲ್ಲಿ ವಿರೂಪಣ್ಣನ ದನಿಯೂ ಬಿಗಿಯಾಗಿತ್ತು: "ಇವತ್ತಽ ತರ್ರಿ ಸಾಬ್. ಬೆಳ್ಳಿ ಹಿಂಗ ಬೀಳಾಕತ್ತಿದ್ರ ನಾಳಿಗೆ ನನ್ನ ಮನಸ್ಸು ಏನಾಕತದೋ ನನಗಽ ಗೊತ್ತಿಲ್ಲ."

ಹತ್ತೂವರೆಗೆ ಸಾಬರು ದೇವದುರ್ಗದಲ್ಲಿ ಬಸ್ಸಿಳಿದರು. ಬಸವಂತಮ್ಮ ತಲೆಗೆ ನೀರು ಹಾಕಿಕೊಂಡು ಹೊಸ್ತಿಲಲ್ಲೇ ಕಾಯುತ್ತಿದ್ದಳು.

"ಬರ್ರಿ ಸಾಬರ. ಎಲ್ಲಾ ತಯಾರು ಮಾಡೀನಿ."

ಚಾಪೆಯ ಮೇಲೆ ಹಸಿರು ಕುಪ್ಪಸದ ಖಣವೊಂದು ಹರಡಿತ್ತು. ಅದರೊಳಗೆ ಅಕ್ಕಿ, ಎಲೆಅಡಿಕೆ, ಕೊಬ್ಬರಿ ಬಟ್ಟಲು. ಅಕ್ಕಿಯ ಮೇಲೆ ನಲವತ್ತು ರೂಪಾಯಿಗಳು ಹೊಸ ಹಲ್ಲುಗಳಂತೆ ಬೆಳ್ಳಗೆ ನಗುತ್ತಿದ್ದವು.

ಸಾಬರು ಬಗ್ಗಿ ಒಂದು ನಾಣ್ಯ ಎತ್ತಿಕೊಂಡರು. "ಇದೇನು ಮಾಡಿದಿ ಯವ್ವಾ?"

"ಲಕ್ಷ್ಮಿ ಮನಿ ಬಿಟ್ಟು ಹೋಗೋ ಮುಂದ ಮೈ ತೊಳದು ಉಡಿ ತುಂಬಿ ಕಳಸಬೇಕ್ರಿ. ಹೊಲಸು ಮಾರಿಲೆ ಕಳಸಿದ್ರ ಮತ್ತ ತಿರುಗಿ ಬರಂಗಿಲ್ಲ ಅಂತಿದ್ಲು ನಮ್ಮತ್ತಿ."

"ಯಾತರಾಗ ತೊಳದಿ?"

"ಹುಣಸಿಹಣ್ಣು, ಒಲಿ ಬೂದಿ." ಅವಳು ನಕ್ಕಳು. "ಒಂದಂತೂ ಬಲು ಹಟಮಾರಿ ನೋಡ್ರಿ, ಹಂಚಿಗಿಂತ ಕರ್ರಗಿತ್ತು. ಇಟ್ಟಂಗಿ ಪುಡಿ ಹಾಕಿ ತಿಕ್ಕಿದ ಮ್ಯಾಲ ದಾರಿಗೆ ಬಂತು. ರಟ್ಟಿ ಬಿದ್ದುಹೋದ್ವು ನನ್ನವು."

ಯಾವುದೆಂದು ಸಾಬರು ಕೇಳಲಿಲ್ಲ. ಖಣದ ನಾಲ್ಕು ಮೂಲೆಗಳನ್ನು ಗಂಟು ಹಾಕಿ ಮಾನ್ವಿಯ ದಾರಿ ಹಿಡಿದರು. ಬಸ್ಸು ಸಿರವಾರ ದಾಟುವವರೆಗೂ ಒಂದೇ ಆಸೆಯನ್ನು ಅಪ್ಪಿಕೊಂಡಿದ್ದರು: ವಿರೂಪಣ್ಣನಿಗೆ ವಯಸ್ಸಾಗಿದೆ, ಗಿರಣಿಯ ಕೋಣೆಯಲ್ಲಿ ಬೆಳಕು ಕಡಿಮೆ.

"ಏನ್ ಸಾಬ್, ಮದುಮಗಳನ್ನ ಕರಕೊಂಡು ಬಂದಂಗ ಉಡಿ ಕಟ್ಕೊಂಡು ಬಂದೀರಲ್ಲ," ಎಂದರು ವಿರೂಪಣ್ಣ. ಸಾಬರು ಬಿಚ್ಚಿಟ್ಟ ಗಂಟಿನಿಂದ ಆ ಒಂದು ನಾಣ್ಯವನ್ನು ಎತ್ತಿಕೊಂಡು, ಕೋಣೆಯಲ್ಲಿ ನೋಡದೆ, ನೇರ ಬಿಸಿಲಿಗೆ ನಡೆದರು. ಭೂತಗನ್ನಡಿ ಹಿಡಿದರು. ಹಿಂದೆ ಗಿರಣಿ ಸದ್ದು ಮಾಡುತ್ತಲೇ ಇತ್ತು.

"ಇಸವಿ ಅದಽ," ಎಂದರು.

ಸಾಬರು ಉಸಿರು ಬಿಟ್ಟರು.

"ಟಂಕಸಾಲಿ ಗುರುತೂ ಅದಽ." ನಾಣ್ಯವನ್ನು ಇನ್ನಷ್ಟು ಓರೆ ಮಾಡಿದರು. ಮೈತುಂಬ ಸೂಜಿಯಿಂದ ಗೀರಿದಂಥ ಗೆರೆಗಳು ಬಿಸಿಲಿನಲ್ಲಿ ಎದ್ದು ನಿಂತವು. "ಹಳೀ ಕಪ್ಪು ಮೈ ಇಲ್ಲ. ಯಾರು ತಿಕ್ಕಿದ್ರು ಇದನ್ನ?"

"ಅರ್ಧಕ್ಕ ಇಟ್ಕೊಳ್ರಿ ಸಾವಕಾರ್ರ."

"ಹೋದ ತಿಂಗಳು ಆಗಿದ್ರ ಇಟ್ಕೊಂತಿದ್ದೆ. ಆವಾಗ ಕಣ್ಣು ಮುಚ್ಚಿ ಕೊಂಡ್ರೂ ಬೆಳ್ಳಿ ಕೈ ಹಿಡೀತಿತ್ತು. ಈಗ ನನ್ನ ಬೆಳ್ಳಿ ಗಟ್ಟಿಗಳಽ ಅರ್ಧ ಮುಳುಗ್ಯಾವ. ಕೊಂಡ್ರ ಮೈ ಮುಟ್ಟದ್ದು, ಇಲ್ಲಾಂದ್ರ ಇಲ್ಲ." ಅವರು ಒಳಗೆ ಬಂದು ನಾಣ್ಯವನ್ನು ಅಕ್ಕಿಯ ಮೇಲೆ ಮೆಲ್ಲಗೆ ಇಟ್ಟರು. "ತೂಕಕ್ಕ ಕೊಡೋದಿದ್ರ ಹೇಳ್ರಿ. ಕೊಟ್ಟವ್ರಿಗೆ ತೊಳಿಬ್ಯಾಡಂತ ನೀವು ಮೊದಲಽ ಹೇಳಿರಲಿಲ್ಲೇನು?"

ಸಾಬರು ಗಂಟು ಕಟ್ಟಿಕೊಂಡು ಅಂಗಳಕ್ಕೆ ಬಂದರು. ಮೂರೂವರೆಗೆ ಫೋನು ಬಡಿದುಕೊಂಡಿತು.

"ಸಾಬರ, ಆಫೀಸಿನ ಮುಂದ ನಿಂತೀವ್ರಿ. ಮಾಲಕರು ಬಾಜೂಕಽ ಅದಾರ. ರೊಕ್ಕ ಫೋನಿನಾಗ ಹಾಕ್ತೀರಂತ ಹೂಂ ಅನ್ಲೇನ್ರಿ?"

ಸಾವಕಾರರು ಊರಲ್ಲಿಲ್ಲ, ನಾಳೆ ಬರುತ್ತಾರೆ ಎಂಬ ಸುಳ್ಳೊಂದು ಸಿದ್ಧವಾಗಿತ್ತು. ಅದನ್ನು ನಂಬಿ ಅವಳು ಇನ್ನೊಂದು ದಿನ ಕಚೇರಿಯ ಮುಂದೆ ನಿಲ್ಲುತ್ತಾಳೆಂಬುದೂ ಅವರಿಗೆ ತಿಳಿದಿತ್ತು.

"ಬ್ಯಾಡ ಯವ್ವಾ. ರೊಕ್ಕ ಹೊಂದಲಿಲ್ಲ. ಆ ಕರ್ರಂದು ಇತ್ತಲ್ಲ, ಬೆಲಿ ಇದ್ದದ್ದು ಅದೊಂದಕ್ಕಽ. ತಿಕ್ಕಿದ ಮ್ಯಾಲ ಅದೂ ಬರೇ ಬೆಳ್ಳಿ ಆತು."

ಆ ಕಡೆ ಬಸವಂತಮ್ಮ ಮಾಲೀಕನಿಗೆ ಒಂದು ನಿಮಿಷ ನಿಲ್ಲಿರೆಂದದ್ದು ಕೇಳಿಸಿತು.

"ತಿಕ್ಕಬ್ಯಾಡ ಅಂತ ನೀವು ಒಂದು ಮಾತು ಹೇಳಲಿಲ್ಲಲ್ರಿ."

ಅಂಗಡಿಗೆ ನಾಣ್ಯ ತಂದವರಿಗೆಲ್ಲ ಮೂವತ್ತು ವರ್ಷಗಳಿಂದ ಅವರು ಮೊದಲು ಹೇಳುತ್ತಿದ್ದ ಮಾತು ಅದೇ ಆಗಿತ್ತು.

"ಹೇಳಿದ್ರ ಅದರ ಬೆಲಿ ನಿನಗ ತಿಳೀತಿತ್ತು," ಎಂದರು ಸಾಬರು. ನಂತರ ಅವಸರದಿಂದ, "ನನ್ನ ಕಪಾಟಿನ್ಯಾವು ಮಾರಿ ಕೊಡ್ತೀನಿ ಯವ್ವಾ, ಎಲ್ಲಾ ಮಾರ್ತೀನಿ."

"ಈಗ ಯಾರು ತಗೊಂತಾರ್ರಿ?"

ಅವಳು ಚುಚ್ಚಿ ಕೇಳಿರಲಿಲ್ಲ, ತಿಳಿಯದೆ ಕೇಳಿದ್ದಳು. ಮಾಲೀಕನಿರಬೇಕು, ಅವಳ ಪಕ್ಕದಲ್ಲಿ "ಟೈಮ್ ಆತು, ನಾವು ಒಳಗ ಹೋಗ್ತೀವಿ" ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಇಬ್ಬರ ಹೆಜ್ಜೆಗಳು ದೂರ ಸರಿದವು.

"ಸಾಬರ," ಎಂದಳು ಬಸವಂತಮ್ಮ ಕಡೆಗೆ, "ಆ ಉಡಿ ಅಕ್ಕಿ ಚೆಲ್ಲಬ್ಯಾಡ್ರಿ. ಹಂಗಽ ಗಂಟಿನಾಗ ತರ್ರಿ. ಮುಂದ ಎಲ್ಲಿ ಮನಿ ಹೂಡ್ತೀನೋ, ಅಲ್ಲಿ ಒಲಿ ಹಚ್ಚಿ ಮೊದಲ ಅನ್ನ ಮಾಡಾಕ ಬೇಕು."

ಸಾಬರು ಗಂಟನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ದೇವದುರ್ಗದ ಬಸ್ಸಿಗೆ ನಿಂತರು.