ಗಾಡಿಯೊಳಗಿನ ಕಾವು

ಪೂನಮ ಎರಡೂ ಕೈಗೆ ಗೋಣಿತಟ್ಟು ಸುತ್ತಿಕೊಂಡು ಕೆಂಡ ತುಂಬಿದ ಶೇಗಡಿಯನ್ನು ಎತ್ತಿದಳು. ಗಾಡಿಯ ಮೆಟ್ಟಿಲಿಳಿದು ಅದನ್ನು ಹೊಲದ ಬದುವಿನ ಮೇಲಿಟ್ಟು ಬಂದಳು. ಅತ್ತೆ ರುಕ್ಮವ್ವ ಬಾಗಿಲಲ್ಲೇ ನಿಂತಿದ್ದಳು.

"ನಾ ಹೊತ್ತಿಸಿದ ಬೆಂಕಿ ಹೊರಗ ಹಾಕಿದೇನ ಬೇ?"

"ಬೆಂಕಿ ಹೊರಗ ಹಾಕೇನ್ರಿ ಅತ್ತಿ, ನಿಮ್ಮನ್ನಲ್ಲ. ಬಾಗಲಾ ಹಾಕಿದ ಗಾಡ್ಯಾಗ ಕೆಂಡ ಇಟ್ಟರ ಉಸಿರು ಕಟ್ಟತೈತಿ. ಮುಂಜಾನೆ ಯಾರೂ ಏಳೂದಿಲ್ಲ."

"ನಿನ್ನ ಗಂಡನ್ನ ಹಡದಾಗ ಕೆಂಡದ ಮ್ಯಾಲೇ ಮಲಗಿದ್ನಿ. ಸತ್ತೇನೇನ?"

"ಜೋರಾಪುರ ಪೇಟ್ಯಾಗಿನ ನಿಮ್ಮ ಮನಿ ಹಂಚಿಂದ್ರಿ, ಎಲ್ಲಾ ಕಡೆ ಸಂದಿ ಅದಾವು. ಇದು ತಗಡಿನ ಡಬ್ಬಿ."

ಡಬ್ಬಿಯೇ ಅವರ ಮನೆ. ಶಾಲೆಯ ಮಕ್ಕಳನ್ನು ಹೊತ್ತು ಸವೆದ ಟೆಂಪೊ ಅದು. ಪೂನಮ ಮತ್ತು ಅವಳ ಗಂಡ ಶಿವಾಜಿ ಸೀಟು ಕಿತ್ತು ಮಂಚ ಕೂರಿಸಿದ್ದರು, ಮೂಲೆಗೆ ಗ್ಯಾಸ್ ಒಲೆ ಇಟ್ಟಿದ್ದರು. ಹೂವು ಬಿಟ್ಟ ಕಡೆಗೆ ಜೇನುಪೆಟ್ಟಿಗೆ ಹೊತ್ತುಕೊಂಡು ಹೋಗುವುದು ಅವರ ಕೆಲಸ. ತಿಕೋಟಾದ ದಾಳಿಂಬೆ ತೋಟ ಮುಗಿಸಿ ಈಗ ಕಾಖಂಡಕಿಯಲ್ಲಿ ದಾದಾಸಾಬನ ಸೂರ್ಯಕಾಂತಿ ಹೊಲಕ್ಕೆ ಬಂದಿದ್ದರು.

ರುಕ್ಮವ್ವ ಬಂದದ್ದು ಸೊಸೆಯನ್ನೂ ನಾಲ್ಕು ತಿಂಗಳ ಮೊಮ್ಮಗಳನ್ನೂ ವಿಜಯಪುರದ ಆ ಹಂಚಿನ ಮನೆಗೆ ಕರೆದೊಯ್ಯಲು. ಚಳಿ ಮುಗಿಯುವತನಕ, ಅಷ್ಟೆ ಎಂದಿದ್ದಳು. ಆ 'ಅಷ್ಟೆ' ಎಷ್ಟೆಂದು ಪೂನಮಳಿಗೆ ಗೊತ್ತಿತ್ತು. ಹಿರಿಯ ನೆಗೆಣ್ಣಿ ಶೈಲಶ್ರೀ ಒಂದು ಮಳೆಗಾಲಕ್ಕೆಂದು ಹೊಲಿಗೆ ಅಂಗಡಿ ಮುಚ್ಚಿ ಆ ಮನೆ ಸೇರಿದ್ದಳು. ಈಗ ಅವಳ ಮಗ ಶಾಲೆಗೆ ಹೋಗುತ್ತಾನೆ, ಅಂಗಡಿಯ ಬೋರ್ಡು ಅಟ್ಟದ ಮೇಲಿದೆ. ಜೇನು ಸಾಕಾಣಿಕೆಯ ತರಬೇತಿ ಪಡೆದವಳು ಪೂನಮ. ಶಿವಾಜಿ ಅವಳಿಂದ ಕಲಿತವನು. ಈಗ ಹೋದರೆ ಪೆಟ್ಟಿಗೆಗಳು ಅವನವಾಗುತ್ತವೆ, ತಾನು ಅವನಿಗೆ ಬುತ್ತಿ ಕಟ್ಟುವವಳಾಗುತ್ತೇನೆ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ.

"ಇವತ್ತೊಂದಿನ ನೀವ ಇಲ್ಲಿ ಮಲಗಿ ನೋಡ್ರಿ," ಎಂದಳು. "ಕೂಸಿಗಿ ಚಳಿ ಆದ್ರ ಕರಿಯೂದ ಬ್ಯಾಡ, ನಾನ ಬರ್ತೇನಿ."

ಗಾಡಿಯಲ್ಲಿ ಎರಡು ಹೀಟರ್ ಇದ್ದವು. ಬಾಗಿಲ ಬಳಿ ಬಿಸಿಗಾಳಿ ಊದುವ ಫ್ಯಾನಿನದು, ಮಂಚದ ಪಕ್ಕ ಎಣ್ಣೆ ತುಂಬಿದ್ದು. ದಾದಾಸಾಬನ ಪಂಪ್‌ಮನೆಯಿಂದ ವಾಯರು ಎಳೆದಿದ್ದರು. ರುಕ್ಮವ್ವ ಎರಡನ್ನೂ ಸುತ್ತಿ ನೋಡಿದಳು.

"ಬೆಂಕಿ ಇಲ್ಲ, ಹೊಗಿ ಇಲ್ಲ. ಕರೆಂಟಿನ ಕಾವು ಎಲುವಿಗೆ ಹತ್ತೂದಿಲ್ಲ ತಗಿ."

ಹೊತ್ತು ಮುಳುಗುವಾಗ ಪೂನಮ ಮಗುವನ್ನು ಅತ್ತೆಯ ತೊಡೆಗೆ ಹಾಕಿ, ಗಂಡನೊಂದಿಗೆ ಪೆಟ್ಟಿಗೆಗಳಿಗೆ ಗೋಣಿಚೀಲ ಹೊದಿಸಲು ಹೋದಳು. ಹಿಂದಿರುಗಿದಾಗ ಗಾಡಿಯೊಳಗೆ ಕಾದ ಪ್ಲಾಸ್ಟಿಕ್ಕಿನ ವಾಸನೆ. ಎರಡು ಹೀಟರೂ ಸದ್ದಿಲ್ಲದೆ ನಿಂತಿದ್ದವು.

"ನೋಡ ಬೇ, ಸತ್ತೂ ನಿನ್ನ ಹೀಟರ್," ಎಂದಳು ರುಕ್ಮವ್ವ. ದನಿಯಲ್ಲಿ ಗೆಲುವಿತ್ತು. "ಗಂಟು ಕಟ್ಟು."

ಫ್ಯಾನಿನ ಹೀಟರ್ ಕಾಣಲೇ ಇಲ್ಲ. ಅದರ ಮೇಲೆ ಬಿದಿರಿನ ಬುಟ್ಟಿ ಡಬ್ಬಾಗಿತ್ತು, ಬುಟ್ಟಿಯ ಮೈತುಂಬ ಮಗುವಿನ ಹಸಿ ಬಟ್ಟೆ. ಜೋರಾಪುರ ಪೇಟೆಯ ಮನೆಯಲ್ಲಿ ಕೂಸಿನ ಬಟ್ಟೆ ಆರುತ್ತಿದ್ದುದೇ ಹೀಗೆ: ಶೇಗಡಿಗೆ ಲೋಬಾನದ ಧೂಪ ಹಾಕಿ, ಬುಟ್ಟಿ ಕವುಚಿ, ಮೇಲೆ ಬಟ್ಟೆ ಹರವುವುದು.

"ಯವ್ವಾ, ಹೀಟರಿಗೂ ಬಾಣಂತನಾ ಮಾಡಿದ್ಯಾ?" ಶಿವಾಜಿ ನಗತೊಡಗಿದ.

"ನೀ ಹಲ್ಲ ಕಿಸೀಬ್ಯಾಡ ಲೇ."

"ಇನ್ನೊಂದರ ಬಟನ್ ಯಾರ ಬಂದ್ ಮಾಡಿದ್ರಿ?" ಪೂನಮ ಕೇಳಿದಳು.

"ನಾನ. ಹೊಟ್ಟ್ಯಾಗ ಎಣ್ಣಿ ಐತಿ ಅಂದ್ಯಲ್ಲ, ಹೊತ್ತಿಗೊಂಡ್ರ?"

ಪೂನಮಳಿಗೆ ನಗು ಬರಲಿಲ್ಲ. ಮೊದಲು ಮಗುವನ್ನೆತ್ತಿ ಉಸಿರಾಟ ನೋಡಿದಳು, ಕಿಟಕಿ ತೆರೆದಳು, ಆಮೇಲೆ ಬುಟ್ಟಿ ಎತ್ತಿದಳು. ಹೀಟರು ಕರಗಿರಲಿಲ್ಲ.

"ತಪ್ಪು ನಂದ್ರಿ, ಹೇಳಿ ಹೋಗಬೇಕಿತ್ತು. ಇದರ ಬಾಯಿ ಮುಚ್ಚಬಾರದು. ಬಿಸಿ ಹೊರಗ ಹೋಗದಿದ್ರ ತಾನ ಬಂದ್ ಆಗತೈತಿ. ಆರಿದ ಮ್ಯಾಲೆ ಏಳತೈತಿ."

"ಏಳದಿದ್ರ?"

"ಏಳದಿದ್ರ ನಾಳೆ ನಿಮ್ಮ ಜೋಡಿ ಬರ್ತೇನಿ."

ಶಿವಾಜಿಯ ನಗು ನಿಂತಿತು. ಹೆಂಡತಿಯತ್ತ ನೋಡಿದ. ಅವಳು ನೋಡಲಿಲ್ಲ.

ವಾಸನೆ ಹೋಗುವತನಕ ತೆರೆದಿಟ್ಟ ಕಿಟಕಿಯಿಂದ ತಗಡು ತಣ್ಣಗಾಯಿತು. ರುಕ್ಮವ್ವ ಮಗುವನ್ನು ಕೌದಿಯೊಳಗೆ ಸುತ್ತಿ ಎದೆಗವಚಿಕೊಂಡು, ಆ ಹೀಟರನ್ನೇ ದಿಟ್ಟಿಸುತ್ತಿದ್ದಳು. ಪೂನಮ ರೊಟ್ಟಿಗೆ ಹಿಟ್ಟು ನಾದಿದಳು. ಕೈ ತೊಳೆದು, ಒರೆಸಿಕೊಂಡು, ಕಿಟಕಿ ಮುಚ್ಚಿ, ಸ್ವಿಚ್ ಒತ್ತಿದಳು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಗರ್ರೆಂದು ಫ್ಯಾನು ತಿರುಗಿತು.

"ಎಣ್ಣೀದೂ ಹಚ್ಚಲೇನ್ರಿ?"

"ಹಚ್ಚು," ಎಂದಳು ರುಕ್ಮವ್ವ. "ಎಚ್ಚರ ಇರ್ತೇನಿ ನಾ."

ಎಚ್ಚರವಿರಲಿಲ್ಲ. ಊಟವಾದದ್ದೇ ಗೊರಕೆ ಹೊಡೆದಳು.

ಬೆಳಕು ಹರಿಯುವಾಗ ಪೂನಮಳಿಗೆ ಎಚ್ಚರವಾಯಿತು. ಕಿಟಕಿಯ ಗಾಜಿನ ಒಳಮೈಯಲ್ಲಿ ಹನಿ ಕಟ್ಟಿ ಇಳಿಯುತ್ತಿತ್ತು. ರುಕ್ಮವ್ವ ಎದ್ದು ಕೂತಿದ್ದಳು. ಮಗು ಕೌದಿಯನ್ನು ಒದ್ದು ಕಾಲಬುಡಕ್ಕೆ ತಳ್ಳಿ ಮಲಗಿತ್ತು. ಅದರ ಕುತ್ತಿಗೆಯ ಮಡಿಕೆಯಲ್ಲಿ ಬೆವರು. ರುಕ್ಮವ್ವ ಸೆರಗಿನ ತುದಿಯಿಂದ ಅದನ್ನು ಒರೆಸಿದಳು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ಒರೆಸಿದಳು. ಹೀಟರಿನತ್ತ ಕೈ ಚಾಚಿ, ಯಾವ ಬಟನ್ನೆಂದು ತಿಳಿಯದೆ ಹಿಂದಕ್ಕೆಳೆದುಕೊಂಡಳು.

ಪೂನಮ ಕಣ್ಣು ಅರೆಮುಚ್ಚಿ ಹಾಗೇ ಮಲಗಿದ್ದಳು.

ರುಕ್ಮವ್ವ ಮಂಡಿಯೂರಿ ಕಿಟಕಿಗೆ ಅಂಗೈ ಕೊಟ್ಟು, ಸದ್ದಾಗದಂತೆ, ಗಾಜನ್ನು ಒಂದು ಬೆರಳಿನಷ್ಟು ಸರಿಸಿದಳು.