ಸಡಿಲ ಪಟ್ಟಿ

"ಇವನ ಕೈ ನೋಡ್ರಯ್ಯಾ, ಹಂದಿ ಬೋಳಿಸೋಕೂ ನಾಲಾಯಕ್ಕು! ನಾಲ್ಕು ವರ್ಷ ಅನ್ನ ಹಾಕಿ ಕತ್ತೆ ಸಾಕಿದೀನಿ ನಾನು!"

ನನ್ನ ಗುರು ಕುವಾಂಗ್ ಶಿಫು ಹೀಗೆ ಕಿರುಚಿದ್ದು ಕ್ಷೌರದಂಗಡಿ ತುಂಬ ಜನ ಇದ್ದಾಗ. ಶಿಫು ಅಂದರೆ ನಮ್ಮಲ್ಲಿ ಕೆಲಸ ಕಲಿಸುವ ಗುರು. ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ನಾಲ್ವರು ದೋಣಿಯವರು, ಬಿಸಿನೀರಿನ ಕೆಟಲ್ ಹಿಡಿದು ಬಂದಿದ್ದ ಪಕ್ಕದ ಟೀ ಅಂಗಡಿಯ ರುವಾನ್ ಅಕ್ಕ, ಮರದ ಮಂಡಿಯ ಚೂ ಅಜ್ಜಿ. ಕುರ್ಚಿಯಲ್ಲಿ ಕಾಲುವೆಯ ತೂಬು ಕಾಯುವ ತಾನಣ್ಣ. ಅವನ ಬಲಗೆನ್ನೆ ಬೋಳಾಗಿತ್ತು, ಎಡಗೆನ್ನೆಯಲ್ಲಿ ಇನ್ನೂ ನೊರೆ. ಗದ್ದದ ಮೇಲೆ ರಕ್ತ, ಒಂದು ಕಡೆಯಲ್ಲ, ಮೂರು ಕಡೆ.

"ಕೊಯ್ದಿದ್ದು ನಿಮ್ಮ ಕೈ. ಬೈಗುಳ ಮಾತ್ರ ಅವನಿಗಾ?" ಎಂದ ತಾನಣ್ಣ, ಟವೆಲ್ ಒತ್ತಿಕೊಂಡು.

"ಕೈ ನಂದೇ ಕಣಯ್ಯಾ. ಕತ್ತಿ ಮಸೆಯೋದು ಯಾರ ಕೆಲಸ? ಊರಿಗೆಲ್ಲ ಗೊತ್ತಲ್ಲ!"

ಊರಿಗೆಲ್ಲ ಗೊತ್ತಿತ್ತು. ನಾಲ್ಕು ವರ್ಷದಿಂದ ದಿನಾ ಬೆಳಿಗ್ಗೆ ಬಾಗಿಲು ತೆಗೆದು, ಒಲೆ ಹೊತ್ತಿಸಿ, ಮೂರೂ ಕತ್ತಿಗಳನ್ನು ಮಸೆದಿಡುತ್ತಿದ್ದವನು ನಾನೇ. ಆದರೆ ಆ ದಿನ ನಾನು ಕತ್ತಿಯನ್ನು ಮಸೆದೇ ಇರಲಿಲ್ಲ. ಅದು ಗೊತ್ತಿದ್ದದ್ದು ಇಬ್ಬರಿಗೆ, ನನಗೆ ಮತ್ತು ಅವರಿಗೆ.

ಆಗಿದ್ದು ಇಷ್ಟು. ನಾನು ಎಷ್ಟೇ ಚೆನ್ನಾಗಿ ಮಸೆದಿಟ್ಟರೂ ಗಿರಾಕಿಯ ಎದುರು ಮಸೆಯುವ ಬಟ್ಟೆಪಟ್ಟಿಯ ಮೇಲೆ ಕೊನೆಯ ಹತ್ತು ಎಳೆತ ತಾವೇ ಎಳೆಯುವುದು ಶಿಫುವಿನ ಅಭ್ಯಾಸ. ಎಡಗೈಯಲ್ಲಿ ಪಟ್ಟಿಯ ತುದಿ, ಬಲಗೈಯಲ್ಲಿ ಕತ್ತಿ, ಟಪ್ ಟಪ್ ಎಂದು ಸದ್ದು. ಆ ಸದ್ದು ಕೇಳಲೆಂದೇ ಬರುವ ಮುದುಕರಿದ್ದರು. ಈ ಚಳಿಗಾಲದಲ್ಲಿ ಶಿಫುವಿನ ಎಡಗೈ ಸೋತಿತು. ಬೆರಳು ಮಡಚುತ್ತಿರಲಿಲ್ಲ. ಪಟ್ಟಿ ಬಿಗಿಯಾಗಿ ನಿಲ್ಲದೆ ಜೋತು ಬೀಳುತ್ತಿತ್ತು. ಜೋತುಬಿದ್ದ ಪಟ್ಟಿಯ ಮೇಲೆ ಎಳೆದರೆ ಬಟ್ಟೆ ಮೇಲೆದ್ದು ಕತ್ತಿಯ ಬಾಯನ್ನು ತಿನ್ನುತ್ತದೆ, ಹತ್ತೇ ಎಳೆತಕ್ಕೆ ಅರ್ಧ ಹರಿತ ಹೋಗುತ್ತದೆ. ಹಿಂದಿನ ದಿನ ಸಂಜೆ, ಅಂಗಡಿಯಲ್ಲಿ ಯಾರೂ ಇಲ್ಲದ್ದು ನೋಡಿಯೇ ಹೇಳಿದ್ದೆ: "ಶಿಫು, ಇನ್ಮೇಲೆ ಆ ಹತ್ತೂ ನಾನೇ ಎಳೀತೀನಿ. ನಿಮ್ಮ ಎಡಗೈಗೆ ಪಟ್ಟಿ ಬಿಗಿ ಆಗ್ತಿಲ್ಲ."

ಅವರು ಮೂರು ಕತ್ತಿಗಳನ್ನೂ ಪಟ್ಟಿಯನ್ನೂ ಚೀಲಕ್ಕೆ ತುಂಬಿಕೊಂಡು ಮನೆಗೆ ಹೋದರು. ಬೆಳಿಗ್ಗೆ ತಂದಾಗ ನಾನು ಒಂದು ಕತ್ತಿಯನ್ನು ಕಿಟಕಿಯ ಕಡೆ ಓರೆ ಮಾಡಿ ನೋಡಿದೆ. ಬಾಯಿಯುದ್ದಕ್ಕೂ ಬಿಳಿ ಗೆರೆಯಂತೆ ಬೆಳಕು ಹೊಳೆಯಿತು. ಹರಿತವಾದ ಬಾಯಿ ಬೆಳಕು ತೋರಿಸುವುದಿಲ್ಲ. ಮನೆಯಲ್ಲಿ ಕೂತು ನೂರು ಎಳೆತ ಎಳೆದು ಮೂರನ್ನೂ ಕೊಂದು ತಂದಿದ್ದರು. ನಾನು ಬಾಯಿ ಬಿಡಲಿಲ್ಲ. ಸಾಯಲಿ, ಅವರಿಗೇ ಗೊತ್ತಾಗಲಿ ಅಂದುಕೊಂಡೆ. ತಾನಣ್ಣನ ಗದ್ದದ ರಕ್ತದಲ್ಲಿ ನನ್ನ ಪಾಲೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಕತ್ತೆ? ಹಂದಿ?

ಚೂ ಅಜ್ಜಿ ಮಡಿಲಲ್ಲಿದ್ದ, ಕೂಸಿನ ತಿಂಗಳಿಗೆ ಹಂಚುವ ಕೆಂಪು ಮೊಟ್ಟೆಗಳ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವಳ ಮೊಮ್ಮಗನಿಗೆ ಮಾರನೆಯ ದಿನ ತಿಂಗಳು ತುಂಬುತ್ತಿತ್ತು. ಮೊದಲ ಕೂದಲು ತೆಗೆಯಲು ಕರೆಯಬಂದಿದ್ದಳು. ಆ ತಲೆಯನ್ನು ನನಗೆ ಬಿಡುವುದಾಗಿ ಶಿಫುವೇ ಮಾತು ಕೊಟ್ಟಿದ್ದರು. ಎಳೆಮಗುವಿನ ತಲೆಯ ಮೇಲೆ ಒಂದು ಗೀರೂ ಬೀಳದೆ ಕತ್ತಿ ಓಡಿಸಿದವನನ್ನು ನಮ್ಮಲ್ಲಿ ಆಮೇಲೆ ಯಾರೂ ಶಿಷ್ಯ ಅನ್ನುವುದಿಲ್ಲ, ಅವನಿಗೂ ಒಂದು ಕುರ್ಚಿ ಹಾಕುತ್ತಾರೆ. ಮೂರು ವರ್ಷ ಅಭ್ಯಾಸಕ್ಕೆಂದು ಬೂದುಗುಂಬಳಕಾಯಿಯ ಬೂದಿ ಕೆರೆದದ್ದು, ಇನ್ನೊಂದು ವರ್ಷ ದೋಣಿಯವರ ಕತ್ತು ಕೆರೆದದ್ದು ಎಲ್ಲ ಆ ಒಂದು ತಲೆಗಾಗಿ.

"ನಾಳೆ ನನ್ನ ಕೂಸಿನ ತಲೆಗೂ ಇದೇ ಕೈಯಾ ಶಿಫು?" ಎಂದಳು ಅಜ್ಜಿ.

"ಛೆ ಛೆ, ಇವನನ್ನ ಬಾಗಿಲ ಹತ್ರಾನೂ ಬಿಡಲ್ಲ. ನಾನೇ ಬರ್ತೀನಿ."

ನಾನು ನೊರೆಯ ಬಟ್ಟಲನ್ನು ಮಣೆಯ ಮೇಲೆ ಕುಕ್ಕಿದೆ.

"ಅದೆಲ್ಲ ನಾಳೆ ಮಾತಾಡ್ಕೊಳ್ಳಿ," ಎಂದ ತಾನಣ್ಣ. "ಅರ್ಧ ಗಡ್ಡದಲ್ಲಿ ನಾನು ತೂಬಿನ ಮೇಲೆ ನಿಂತ್ರೆ ದೋಣಿ ದಾಟಲ್ಲ, ನಕ್ಕು ನಕ್ಕು ಮುಳುಗ್ತಾವೆ. ಯಾರಾದ್ರೂ ಮುಗ್ಸಿ ಮಾರಾಯ್ರಾ."

ಬೆಂಚು ಗೊಳ್ಳೆಂದಿತು. ಆ ನಗು ಶಿಫುವಿಗೆ ಚುಚ್ಚಿತೇನೋ, ಕತ್ತಿಯನ್ನು ನನ್ನ ಮುಂದಿನ ಮಣೆಗೆ ಎಸೆದರು. "ಮಸೆಯೋ! ಎಲ್ಲರ ಮುಂದೆ ಮಸೆ. ನೋಡ್ಲಿ ಜನ, ಕತ್ತೀನ ಹೆಂಗೆ ಸಾಯಿಸ್ತೀಯ ಅಂತ."

ತಗೊಂಡೆ. ಮೊದಲು ನೀರು ಚಿಮುಕಿಸಿದ ಕಲ್ಲಿನ ಮೇಲೆ ಎಂಟು ಸಲ ಹಗುರಾಗಿ ಆಡಿಸಿ ಬಾಯನ್ನು ನೆಟ್ಟಗೆ ಮಾಡಿದೆ. ಆಮೇಲೆ ಪಟ್ಟಿ. ಎಷ್ಟೋ ವರ್ಷದ ಎಣ್ಣೆ ಕುಡಿದು ಕಪ್ಪಗೆ ಮಿರುಗುವ ದಪ್ಪ ಬಟ್ಟೆ, ಒಂದು ತುದಿ ಕುರ್ಚಿಯ ಕೊಕ್ಕೆಗೆ, ಇನ್ನೊಂದು ತುದಿ ನನ್ನ ಮುಷ್ಟಿಯಲ್ಲಿ. ಸಿಟ್ಟಿಗೆ ಕತ್ತಿಯನ್ನು ಒತ್ತಬೇಕು ಅನ್ನಿಸುತ್ತದೆ, ಒತ್ತಿದರೆ ಬಾಯಿ ಕೆಟ್ಟಿತು. ಹಾಗಾಗಿ ಸಿಟ್ಟನ್ನೆಲ್ಲ ಎಡಗೈಗೆ ಇಳಿಸಿ ಪಟ್ಟಿಯನ್ನು ಹಲಗೆಯಂತೆ ಬಿಗಿದೆ. ಬಲಗೈಯಲ್ಲಿ ಕತ್ತಿಯ ಭಾರ ಬಿಟ್ಟರೆ ಬೇರೆ ಭಾರವಿಲ್ಲ. ಕತ್ತಿಯ ಬೆನ್ನು ಮುಂದೆ, ಬಾಯಿ ಹಿಂದೆ. ತುದಿ ಮುಟ್ಟಿದಾಗ ಬೆನ್ನಿನ ಮೇಲೆಯೇ ಹೊರಳಿಸಿ ವಾಪಸ್ಸು. ಟಪ್ ಟಪ್ ಇಲ್ಲ, ಬರೀ ಸರ್ ಸರ್. ಅರವತ್ತು ಎಳೆತ. ಕೊನೆಗೆ ನನ್ನ ತಲೆಯಿಂದ ಒಂದು ಕೂದಲು ಕಿತ್ತು ಗಾಳಿಯಲ್ಲಿ ಹಿಡಿದು ಕತ್ತಿಯ ಬಾಯಿಗೆ ತಾಗಿಸಿದೆ. ತಾಗಿದ್ದೇ ತುಂಡಾಗಿ ಬಿತ್ತು.

"ಕುತ್ತಿಗೆ ಗಿತ್ತಿಗೆ ಕುಯ್ದೀಯ ಮಗನೇ, ಮನೇಲಿ ಹೆಂಡ್ತಿ ಇದಾಳೆ," ಎಂದ ತಾನಣ್ಣ. ಹೊಸ ನೊರೆ ಹಚ್ಚಿ ಎಡಗೆನ್ನೆಗೆ ಕತ್ತಿ ಇಟ್ಟೆ. ಎರಡನೇ ಎಳೆತಕ್ಕೆ ಅವನ ಭುಜ ಸಡಿಲವಾಯಿತು. ಐದನೆಯದಕ್ಕೆ ಕಣ್ಣು ಮುಚ್ಚಿದ.

"ಏ, ರೇಷ್ಮೆ ಸವರಿದಂಗಿದೆ ಕಣ್ರೋ! ಕತ್ತಿ ಇದೆಯೋ ಇಲ್ವೋ ಗೊತ್ತೇ ಆಗ್ತಿಲ್ಲ."

ದೋಣಿಯವರು ಎದ್ದು ಬಂದು ನೋಡಿದರು. ಒಬ್ಬ ಅವನ ಎರಡೂ ಕೆನ್ನೆ ಸವರಿ, "ಈ ಕಡೆ ಮಗು, ಆ ಕಡೆ ಮುಳ್ಳುಹಂದಿ," ಎಂದ. ಶಿಫು ನಗಲಿಲ್ಲ. ರುವಾನ್ ಅಕ್ಕನೂ ನಗಲಿಲ್ಲ. ಕೆಟಲನ್ನು ನೆಲಕ್ಕಿಟ್ಟು, "ಕತ್ತಿ ಅದೇ, ಪಟ್ಟಿ ಅದೇ, ಕೈಯೂ ಇವನದೇ. ಹಂಗಾದ್ರೆ ಬೆಳಿಗ್ಗೆ ಏನಾಗಿತ್ತು?" ಎಂದಳು. "ಪಟ್ಟಿ ನಿಮ್ಮ ಚೀಲದಿಂದ ಬಂದಂಗಿತ್ತಲ್ಲ ಶಿಫು, ನಾನೇ ನೋಡ್ದೆ."

ಶಿಫು ಒಲೆಯ ಮೇಲೆ ಕುದಿಯುತ್ತಿದ್ದ ನೀರಿನ ಕಡೆ ತಿರುಗಿಕೊಂಡರು.

ಚೂ ಅಜ್ಜಿ ನನ್ನ ಕಡೆ ತಿರುಗಿದಳು. "ನಿಜ ಹೇಳು ಮಗಾ. ಬೆಳಿಗ್ಗೆ ಈ ಕತ್ತಿ ಮಸೆದಿದ್ದು ಯಾರು? ನೀನಲ್ಲ ಅಂತ ಒಂದು ಮಾತು ಹೇಳು, ನಾಳೆ ಕೂಸಿನ ತಲೆ ನಿಂದು."

ಶಿಫುವಿನ ಕಡೆ ನೋಡಿದೆ. ಎಡಗೈಯನ್ನು ಏಪ್ರನ್ನಿನ ಜೇಬಿನೊಳಗೆ ಸೇರಿಸುತ್ತಿದ್ದರು. ಮಡಚದ ಬೆರಳು ಜೇಬಿನ ಅಂಚಿಗೆ ಸಿಕ್ಕಿಕೊಂಡು ಒಳಗೆ ಹೋಗಲಿಲ್ಲ, ಬಲಗೈಯಿಂದ ತಳ್ಳಬೇಕಾಯಿತು. ನನ್ನ ಮೇಲೆ ಮತ್ತೆ ಕಿರುಚಿದ್ದರೆ ಹೇಳಿಬಿಡುತ್ತಿದ್ದೆ. ಬೈಯಲಿಲ್ಲ. ತಪ್ಪು ತಮ್ಮದು ಅಂತಲೂ ಅನ್ನಲಿಲ್ಲ. ಐವತ್ತು ವರ್ಷ ಈ ಊರಿನ ಮುಖ ನುಣುಪು ಮಾಡಿದವರು, ತಮ್ಮ ಹೆಸರು ಉಳಿಸುವ ಕೆಲಸವನ್ನು, ನನ್ನನ್ನು ಕತ್ತೆ ಅಂದ ಬಾಯಿ ಆರುವ ಮೊದಲೇ, ನನಗೇ ಬಿಟ್ಟು ಸುಮ್ಮನೆ ನಿಂತಿದ್ದರು. ಕೈ ಹೋಗಿದೆ ಅಂತ ಗೊತ್ತಾದ ಮೇಲೆ ಯಾರು ಕುರ್ಚಿ ಹತ್ತುತ್ತಾರೆ ಇವರ ಅಂಗಡಿಯಲ್ಲಿ? ಹೇಳಿದರೆ ನಾನು ಬದುಕುತ್ತೇನೆ, ಇವರು ಇವತ್ತೇ ಮುಗಿದರು.

"ಹೇಳೋ, ನಾಲಿಗೆ ಬಿದ್ದೋಯ್ತಾ?" ಎಂದ ಒಬ್ಬ ದೋಣಿಯವನು.

ಕತ್ತಿಯನ್ನು ಒರೆಸಿ ಮಡಚಿ ಮಣೆಯ ಮೇಲಿಟ್ಟೆ. ಸೊಂಟದ ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿದೆ. ರುವಾನ್ ಅಕ್ಕ ದಾರಿ ಬಿಟ್ಟಳು. ಹಿಂದಿನಿಂದ ಅಜ್ಜಿ, "ಲೋ, ಕೇಳಿದ್ದಕ್ಕೆ ಹೇಳಿ ಹೋಗೋ!" ಎಂದು ಕೂಗಿದಳು.

ತಿರುಗಲಿಲ್ಲ. ಬಾಗಿಲು ದಾಟಿ, ಕಾಲುವೆಯ ಮೆಟ್ಟಿಲು ಇಳಿದು ನಡೆದೆ.